ಸಂಧಿಮಾನಕಗಳ ಮಾತು ಮತ್ತು ಮೌನ: ಸೀರಿಯಲ್ ಪೋರ್ಟನ್ನು ಕುರಿತ ಒಂದು ವಿಮರ್ಶೆ

೧

ಯಾವುದೇ ಗ್ರಂಥವನ್ನು ವಿಮರ್ಶಿಸಲು ಹೊರಟವನು ಆ ಗ್ರಂಥವು ಹೇಳಿರುವುದನ್ನೂ ಹೇಳದೆ ಬಿಟ್ಟಿರುವುದನ್ನೂ ಮೊದಲು ಬೇರ್ಪಡಿಸಿಕೊಳ್ಳಬೇಕು. ಕಾವ್ಯದ ವಿಷಯದಲ್ಲಿ ನಮ್ಮ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ನಿಯಮವನ್ನು ಸಾಕಷ್ಟು ಎಚ್ಚರಿಕೆಯಿಂದ ಪಾಲಿಸುತ್ತಾರೆ. ಕವಿ ಆಡದ ಮಾತನ್ನು ಕವಿಯ ಬಾಯಿಗೆ ಹಾಕಿದ ವ್ಯಾಖ್ಯಾನಕಾರನನ್ನು ನಾವು ಸುಲಭವಾಗಿ ಕ್ಷಮಿಸುವುದಿಲ್ಲ. ಆದರೆ ಯಂತ್ರಗಳಿಗೆ ಸಂಬಂಧಿಸಿದ ಶಾಸ್ತ್ರಗ್ರಂಥಗಳ ವಿಷಯದಲ್ಲಿ ಈ ಎಚ್ಚರ ಸಡಿಲವಾಗಿರುವುದು ಕಂಡುಬರುತ್ತದೆ. ಮಾನಕವೆಂಬುದು ಒಂದು ಗ್ರಂಥ, ಅದಕ್ಕೆ ಕರ್ತೃಗಳುಂಟು, ಆವೃತ್ತಿಗಳುಂಟು, ವ್ಯಾಪ್ತಿಯುಂಟು ಎಂಬುದನ್ನು ಮರೆತು, ಅದರ ಹೆಸರನ್ನೇ ಒಂದು ಮಂತ್ರವೆಂಬಂತೆ ಉಚ್ಚರಿಸುವ ವಾಡಿಕೆ ಬೆಳೆದಿದೆ.

ಪ್ರಕೃತ ಲೇಖನದಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಆರ್‌ಎಸ್-೨೩೨ ಎಂಬ ಮಾನಕವನ್ನು. ಅದಕ್ಕಿಂತಲೂ ಮುಖ್ಯವಾಗಿ, ಆ ಮಾನಕದ ಹೆಸರಿನಲ್ಲಿ ನಮ್ಮ ತರಗತಿಗಳಲ್ಲಿಯೂ ಪ್ರಯೋಗಶಾಲೆಗಳಲ್ಲಿಯೂ ಖರೀದಿಯ ಪತ್ರಗಳಲ್ಲಿಯೂ ಪ್ರಚಾರದಲ್ಲಿರುವ ಮೂರು ಪ್ರತಿಜ್ಞೆಗಳನ್ನು. ಅವು ಇವು: ಒಂದು, ಆರ್‌ಎಸ್-೨೩೨ ಎಂದರೆ ಒಂಬತ್ತು ಪಿನ್ನುಗಳ ಒಂದು ಜೋಡಕ, ಎರಡು, ಆರ್‌ಎಸ್-೨೩೨ ಎಂದರೆ ಅಕ್ಷರಗಳನ್ನು ಕಳುಹಿಸುವ ಒಂದು ಗೊತ್ತಾದ ಕ್ರಮ, ಮೂರು, ಈ ಹೆಸರುಳ್ಳ ಎರಡು ಯಂತ್ರಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಈ ಮೂರೂ ಅಸಾಧುವೆಂಬುದು ನನ್ನ ಅಭಿಪ್ರಾಯ. ಇದು ಕೇವಲ ಶಬ್ದಶುದ್ಧಿಯ ಚರ್ಚೆಯಲ್ಲವೆಂಬುದನ್ನು ತೋರಿಸುವುದಕ್ಕಾಗಿ, ಸಿದ್ಧಾಂತಕ್ಕೆ ಮೊದಲು ಒಂದು ಸಂಗತಿಯನ್ನು ನಿವೇದಿಸುತ್ತೇನೆ.

೨

ಆಲೂರು ಕಡೆಯ ಗುಡ್ಡಗಳ ನಡುವೆ ಇರುವ ಒಂದು ಹಳ್ಳಿ. ಅಲ್ಲಿಯ ಹಾಲು ಉತ್ಪಾದಕರ ಸಂಘದ ಕೋಣೆಯಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಲು ಅಳೆಯುತ್ತಾರೆ. ತಂದ ಹಾಲನ್ನು ವಿದ್ಯುತ್ ತಕ್ಕಡಿಯ ಮೇಲಿಡುವುದು, ತಕ್ಕಡಿ ತೋರಿಸಿದ ಅಂಕಿ ತಂತಿಯ ಮೂಲಕ ಗಣಕಕ್ಕೆ ಹೋಗುವುದು, ಗಣಕ ಒಂದು ಚೀಟಿಯನ್ನು ಮುದ್ರಿಸಿ ಕೊಡುವುದು, ಆ ಚೀಟಿಗಳ ಮೊತ್ತದಂತೆ ಹಣ ಸಲ್ಲುವುದು. ಇದು ಅಲ್ಲಿಯ ಪದ್ಧತಿ. ಹಳೆಯ ತಕ್ಕಡಿ ಕೆಟ್ಟಿತೆಂದು ಹೊಸದೊಂದನ್ನು ತಂದರು. ಕೊಳ್ಳುವಾಗ ಕೇಳಿದ್ದು ಒಂದೇ ಪ್ರಶ್ನೆ: ಇದಕ್ಕೆ ಆರ್‌ಎಸ್-೨೩೨ ಇದೆಯೆ? ಇದೆಯೆಂಬ ಉತ್ತರ ಬಂದಿತು. ಆ ಉತ್ತರ ಸುಳ್ಳೂ ಆಗಿರಲಿಲ್ಲ. ಹಳೆಯ ತಂತಿಯ ಜೋಡಕ ಹೊಸ ತಕ್ಕಡಿಯ ಬೆನ್ನಿಗೆ ಸರಿಯಾಗಿ ಕೂತಿತು. ಗಣಕದ ತೆರೆಯ ಮೇಲೆ ಅಂಕಿಗಳು ಬರತೊಡಗಿದುವು.

ಅಂದು ಸಂಜೆ ೬.೫೦ ಕಿಲೋ ತಂದವರ ಚೀಟಿಯಲ್ಲಿ ೬.೫೦ ಎಂದೇ ಬಂದಿತು. ೫.೯೦ ತಂದವರಿಗೂ ಸರಿಯಾಗಿಯೇ ಬಂದಿತು. ೪.೩೫ ತಂದ ಒಬ್ಬ ಹೆಂಗಸಿಗೆ ಮಾತ್ರ ೦.೩೫ ಎಂದು ಬಂದಿತು. ಆಕೆ ಜಗಳ ತೆಗೆದಳು. ಎಲ್ಲರೂ ತಕ್ಕಡಿಯ ಮುಖವನ್ನು ನೋಡಿದರು, ಅಲ್ಲಿ ೪.೩೫ ಎಂದೇ ಇತ್ತು. ಕಾರ್ಯದರ್ಶಿ ಆ ಚೀಟಿಯನ್ನು ಕೈಯಿಂದ ತಿದ್ದಿಕೊಟ್ಟನು. ಆದರೆ ಅದೇ ಸಂಜೆ ೩.೭೦ ತಂದ ಒಬ್ಬ ಮುದುಕನಿಗೆ ೩.೦ ಎಂದು ಚೀಟಿ ಬಂದಿತ್ತು, ೫.೮೨ ತಂದ ಮತ್ತೊಬ್ಬನಿಗೆ ೫ ಎಂದು ಬಂದಿತ್ತು. ಇವರು ಯಾರೂ ಜಗಳ ತೆಗೆಯಲಿಲ್ಲ. ಮೂರು ಎಂಬುದೂ ಐದು ಎಂಬುದೂ ನಂಬತಕ್ಕ ಅಂಕಿಗಳೇ ಆಗಿದ್ದುದರಿಂದ ಅವರು ಚೀಟಿಯನ್ನು ಮಡಿಸಿಕೊಂಡು ಮನೆಗೆ ಹೋದರು. ಕೆಲವು ದಿನಗಳ ಮೇಲೆ ತೂಕದ ಒಟ್ಟು ಮೊತ್ತವೂ ಕ್ಯಾನುಗಳಲ್ಲಿದ್ದ ಹಾಲೂ ತಾಳೆಯಾಗದೆ ಹೋದಾಗಲೇ ವಿಷಯ ಬೆಳಕಿಗೆ ಬಂದದ್ದು.

ತಕ್ಕಡಿ ಸರಿಯಾಗಿತ್ತು, ಅದಕ್ಕೆ ಕಾನೂನುಮಾಪನಶಾಸ್ತ್ರ ಇಲಾಖೆಯ ಮುದ್ರೆಯೂ ಇತ್ತು. ಗಣಕ ಸರಿಯಾಗಿತ್ತು. ತಂತಿ ತುಂಡಾಗಿರಲಿಲ್ಲ. ಎರಡು ಯಂತ್ರಗಳೂ ಮಾನಕಕ್ಕೆ ಅನುಗುಣವಾಗಿದ್ದುವು. ಹಾಗಿದ್ದರೆ ಮುದುಕನ ಎಪ್ಪತ್ತು ಬಿಂದು ಹಾಲು ಎಲ್ಲಿಗೆ ಹೋಯಿತು? ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮಾನಕದ ಪಾಠವನ್ನೇ ಬಿಡಿಸಿ ನೋಡಬೇಕಾಗುತ್ತದೆ.

೩

ಆರ್‌ಎಸ್-೨೩೨ ಮೊದಲು ಪ್ರಕಟವಾದದ್ದು ಅಮೆರಿಕದಲ್ಲಿ, ೧೯೬೦ರಲ್ಲಿ. ಅಲ್ಲಿಯ ಎಲೆಕ್ಟ್ರಾನಿಕ್ ಉದ್ಯಮಗಳ ಸಂಘವು ಅದನ್ನು ಶಿಫಾರಸು ಮಾಡಿದ ಮಾನಕವೆಂದು ಹೊರಡಿಸಿತು. ಹೆಸರಿನ ಮೊದಲ ಎರಡಕ್ಷರಗಳ ಅರ್ಥ ಅದೇ. ೧೯೬೩, ೧೯೬೫, ೧೯೬೯ರಲ್ಲಿ ಎ, ಬಿ, ಸಿ ಎಂಬ ಪರಿಷ್ಕರಣಗಳು ಬಂದುವು. ಇವುಗಳಲ್ಲಿ ಸಿ ಪರಿಷ್ಕರಣವೇ ಹೆಚ್ಚು ಪ್ರಸಿದ್ಧವಾದದ್ದು. ಮುಂದೆ ಡಿ, ಇ ಪರಿಷ್ಕರಣಗಳಾಗಿ, ೧೯೯೭ರಲ್ಲಿ ಎಫ್ ಪರಿಷ್ಕರಣ ಬಂದಿತು. ಅದು ಹುಟ್ಟಿದಾಗ ಇದ್ದ ಸನ್ನಿವೇಶವನ್ನು ನೆನಪಿನಲ್ಲಿಡತಕ್ಕದ್ದು. ಒಂದು ಕಡೆ ದೂರಮುದ್ರಕದಂಥ ದತ್ತಾಂಶದ ಅಂತ್ಯಯಂತ್ರ. ಇನ್ನೊಂದು ಕಡೆ ಟೆಲಿಫೋನ್ ತಂತಿಗೆ ಹೊಂದಿಸಿದ ಮೋಡೆಮ್. ಇವೆರಡೂ ಸಂಧಿಸುವ ಸ್ಥಾನದಲ್ಲಿ ಯಾವ ತಂತಿಯಲ್ಲಿ ಏನು ಹರಿಯಬೇಕೆಂಬುದಷ್ಟೇ ಮಾನಕದ ವಿಷಯ. ತಕ್ಕಡಿಯಾಗಲಿ, ಹಾಲಿನ ಕೊಬ್ಬನ್ನು ಅಳೆಯುವ ಯಂತ್ರವಾಗಲಿ, ಚೀಟಿ ಮುದ್ರಿಸುವ ಯಂತ್ರವಾಗಲಿ ಅದರ ಕರ್ತೃಗಳ ಕಣ್ಣ ಮುಂದೆ ಇರಲಿಲ್ಲ. ಎರಡು ಅಂತ್ಯಯಂತ್ರಗಳನ್ನು ಮೋಡೆಮ್ ಇಲ್ಲದೆ ನೇರವಾಗಿ ಜೋಡಿಸುವ, ತಂತಿಗಳನ್ನು ಅಡ್ಡ ಹಾಯಿಸಿದ ಕೇಬಲ್ಲು ಇಂದು ಎಲ್ಲ ಪ್ರಯೋಗಶಾಲೆಗಳಲ್ಲಿಯೂ ಇದ್ದರೂ, ಅದು ಮಾನಕದ ಮಾತಲ್ಲ. ಬಳಸುವವರು ಮಾಡಿಕೊಂಡ ಉಪಾಯ.

ಮಾನಕವು ಖಚಿತವಾಗಿ ಹೇಳುವುದೇನು? ಮೊದಲನೆಯದಾಗಿ ವಿದ್ಯುತ್ತಿನ ಗುಣ. ಗ್ರಾಹಕದ ಬಳಿ ಮೈನಸ್ ೩ ವೋಲ್ಟಿಗಿಂತ ಕೆಳಗಿದ್ದರೆ ಒಂದು. ಪ್ಲಸ್ ೩ ವೋಲ್ಟಿಗಿಂತ ಮೇಲಿದ್ದರೆ ಸೊನ್ನೆ. ನಡುವಣ ಪ್ರದೇಶಕ್ಕೆ ಅರ್ಥವಿಲ್ಲ. ಕಳುಹಿಸುವ ಯಂತ್ರವು ೫ರಿಂದ ೧೫ ವೋಲ್ಟುಗಳನ್ನು ಒದಗಿಸಬೇಕು. ಗ್ರಾಹಕದ ರೋಧ ೩೦೦೦ದಿಂದ ೭೦೦೦ ಓಮ್‌ಗಳ ಒಳಗಿರಬೇಕು. ತೆರೆದ ಮಂಡಲದಲ್ಲಿ ೨೫ ವೋಲ್ಟು ಮೀರಬಾರದು. ವೋಲ್ಟೇಜಿನ ಏರಿಳಿತ ಮೈಕ್ರೋಸೆಕೆಂಡಿಗೆ ೩೦ ವೋಲ್ಟಿಗಿಂತ ತೀವ್ರವಾಗಿರಬಾರದು. ಯಾವ ಎರಡು ತಂತಿಗಳು ತಗುಲಿಕೊಂಡರೂ ಯಂತ್ರ ಕೆಡಬಾರದು. ಎರಡನೆಯದಾಗಿ, ಮಂಡಲಗಳ ಪಟ್ಟಿ: ಕಳುಹಿಸುವ ದತ್ತಾಂಶ, ಪಡೆಯುವ ದತ್ತಾಂಶ, ಕಳುಹಿಸಲು ಕೋರಿಕೆ, ಕಳುಹಿಸಲು ಅನುಮತಿ, ಯಂತ್ರ ಸಿದ್ಧ, ಸಂಜ್ಞೆಗಳಿಗೆ ಸಮಾನವಾದ ಭೂಮಿ ಇತ್ಯಾದಿ. ಮೂರನೆಯದಾಗಿ, ಆ ಮಂಡಲಗಳಿಗೆ ಪಿನ್ನುಗಳ ಹಂಚಿಕೆ.

ಇವು ಮೂರು ಬೇರೆಬೇರೆ ವಿಷಯಗಳೆಂಬುದಕ್ಕೆ ಹೊರಗಿನ ಪ್ರಮಾಣವೂ ದೊರೆಯುತ್ತದೆ. ಇದೇ ಸಾಮಗ್ರಿಯನ್ನು ಅಂತರರಾಷ್ಟ್ರೀಯ ಸಂಸ್ಥೆಗಳು ಒಂದೇ ಗ್ರಂಥದಲ್ಲಿ ಇಡದೆ ಮೂರು ಗ್ರಂಥಗಳಾಗಿ ಹಂಚಿವೆ: ಮಂಡಲಗಳಿಗೆ ವಿ.೨೪, ವಿದ್ಯುದ್ಗುಣಗಳಿಗೆ ವಿ.೨೮, ಜೋಡಕಕ್ಕೆ ಐಎಸ್‌ಒ ೨೧೧೦. ಒಂದನ್ನು ಪಾಲಿಸಿ ಇನ್ನೊಂದನ್ನು ಬಿಡುವುದು ಸಾಧ್ಯವೆಂಬುದು ಈ ವಿಭಾಗದಿಂದಲೇ ವಿದಿತವಾಗುತ್ತದೆ.

೪

ಇನ್ನು ಮೊದಲನೆಯ ಪ್ರತಿಜ್ಞೆಯನ್ನು ಪರೀಕ್ಷಿಸೋಣ. ಒಂಬತ್ತು ಪಿನ್ನುಗಳ ಜೋಡಕವು ಆರ್‌ಎಸ್-೨೩೨ರ ಮೂಲಪಾಠದಲ್ಲಿ ಇಲ್ಲ. ಡಿ ಆಕಾರದ ಈ ಜೋಡಕಗಳ ಕುಟುಂಬವನ್ನು ಕ್ಯಾನನ್ ಕಂಪನಿ ೧೯೫೨ರಲ್ಲಿ, ಎಂದರೆ ಮಾನಕಕ್ಕಿಂತ ಎಂಟು ವರ್ಷ ಮುಂಚೆ, ಹೊರತಂದಿತು. ೨೫ ಪಿನ್ನುಗಳ ಜೋಡಕವನ್ನು ಸಿ ಪರಿಷ್ಕರಣದವರೆಗೆ ಶಿಫಾರಸು ಮಾತ್ರ ಮಾಡಲಾಗಿತ್ತು. ಅದು ಕಡ್ಡಾಯವಾದದ್ದು ಡಿ ಪರಿಷ್ಕರಣದಿಂದ ಈಚೆಗೆ. ಒಂಬತ್ತು ಪಿನ್ನುಗಳದ್ದು ಜನಪ್ರಿಯವಾದದ್ದು ಐಬಿಎಂ ಕಂಪನಿಯು ೧೯೮೪ರಲ್ಲಿ ತನ್ನ ಎಟಿ ಗಣಕದಲ್ಲಿ ಅದನ್ನು ಬಳಸಿದ ಮೇಲೆ. ಅದಕ್ಕೆ ಟಿಐಎ-೫೭೪ ಎಂಬ ಪ್ರತ್ಯೇಕ ಮಾನಕವಾದದ್ದು ೧೯೯೦ರಲ್ಲಿ. ಎಂದರೆ ಲೋಕರೂಢಿ ಮುಂದೆ ಹೋಯಿತು. ಗ್ರಂಥ ಅದರ ಹಿಂದೆ ಬಂದಿತು. ವ್ಯಾಕರಣದ ವಿದ್ಯಾರ್ಥಿಗಳಿಗೆ ಇದು ಅಪರಿಚಿತವಾದ ಕ್ರಮವೇನೂ ಅಲ್ಲ.

ಹೆಸರಿನಲ್ಲಿಯೂ ಒಂದು ತಪ್ಪು ನೆಲೆಯೂರಿದೆ. ಅಂಗಡಿಯಲ್ಲಿಯೂ ತರಗತಿಯಲ್ಲಿಯೂ ಇದನ್ನು ‘ಡಿಬಿ-೯’ ಎನ್ನುವುದು ವಾಡಿಕೆ. ತಯಾರಕರ ಸಂಕೇತಪದ್ಧತಿಯಲ್ಲಿ ಡಿ ಎಂಬುದು ಕುಟುಂಬವನ್ನೂ ಎರಡನೆಯ ಅಕ್ಷರ ಕವಚದ ಗಾತ್ರವನ್ನೂ ಸೂಚಿಸುತ್ತವೆ. ಬಿ ಗಾತ್ರದ ಕವಚ ೨೫ ಪಿನ್ನುಗಳದು. ಒಂಬತ್ತು ಪಿನ್ನುಗಳದು ಇ ಗಾತ್ರ. ಆದಕಾರಣ ಸರಿಯಾದ ಹೆಸರು ‘ಡಿಇ-೯’. ರೂಢಿಗೆ ಬಂದ ಹೆಸರನ್ನು ತಿದ್ದಬೇಕೆಂಬ ಹಟ ನನಗಿಲ್ಲ. ಆದರೆ ಪಿನ್ನುಗಳ ಸಂಖ್ಯೆ ಬದಲಾದಾಗ ಹಳೆಯ ಹೆಸರೇ ಮುಂದುವರಿದುದರಿಂದ, ಅದರೊಳಗಿನ ಹಂಚಿಕೆಯೂ ಮುಂದುವರಿದಿದೆಯೆಂಬ ಭ್ರಮೆ ಹುಟ್ಟಿತು. ವಸ್ತುಸ್ಥಿತಿ ಹಾಗಿಲ್ಲ. ಅಂತ್ಯಯಂತ್ರದ ೨೫ ಪಿನ್ನುಗಳ ಜೋಡಕದಲ್ಲಿ ಎರಡನೆಯ ಪಿನ್ನು ಕಳುಹಿಸುವುದು, ಮೂರನೆಯದು ಪಡೆಯುವುದು. ಒಂಬತ್ತರದರಲ್ಲಿ ಎರಡನೆಯದು ಪಡೆಯುವುದು, ಮೂರನೆಯದು ಕಳುಹಿಸುವುದು. ಸಂಜ್ಞೆಯ ಭೂಮಿ ಒಂದರಲ್ಲಿ ಏಳನೆಯದು, ಇನ್ನೊಂದರಲ್ಲಿ ಐದನೆಯದು. ಮೆಟ್ರಿಕ್ ಪದ್ಧತಿಗೆ ದಾರಿ ಮಾಡಿದ ೧೯೫೬ರ ತೂಕ ಮತ್ತು ಅಳತೆಗಳ ಅಧಿನಿಯಮಕ್ಕೆ ಮುಂಚೆ ನಮ್ಮ ಹಳ್ಳಿಗಳಲ್ಲಿ ‘ಕೊಳಗ’ವೆಂಬ ಹೆಸರು ಒಂದೇ ಇದ್ದು ಅಳತೆ ಊರಿಂದೂರಿಗೆ ಬೇರೆಯಾಗಿದ್ದುದನ್ನು ಇಲ್ಲಿ ಸ್ಮರಿಸಬಹುದು.

ಜೋಡಕ ಕೂರುವುದಕ್ಕೂ ಯಂತ್ರಗಳು ಕೂಡುವುದಕ್ಕೂ ಇರುವ ಅಂತರವನ್ನು ಇದೇ ಪ್ರಾಂತದ ಇನ್ನೊಂದು ಉದಾಹರಣೆಯಿಂದ ತಿಳಿಯಬಹುದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಇಳಿಯುವ ಘಟ್ಟದ ರೈಲುಮಾರ್ಗ ಸುಮಾರು ೫೫ ಕಿಲೋಮೀಟರು. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲುಗಳನ್ನು ಹಾದುಹೋಗುವ ಈ ಭಾಗದಲ್ಲಿ ೫೭ ಸುರಂಗಗಳೂ ೧೦೯ ಸೇತುವೆಗಳೂ ಇವೆ. ಇಳಿಜಾರು ೫೦ಕ್ಕೆ ೧. ಹಾಸನ-ಮಂಗಳೂರು ಮಾರ್ಗ ೧೯೭೯ರಲ್ಲಿ ಆರಂಭವಾದಾಗ ಮೀಟರ್ ಗೇಜಿನದಾಗಿತ್ತು. ಅನಂತರ ಅದನ್ನು ಬ್ರಾಡ್ ಗೇಜಿಗೆ ಪರಿವರ್ತಿಸಿ, ೨೦೦೬ರಲ್ಲಿ ಸರಕುಗಾಡಿಗಳನ್ನೂ ೨೦೦೭ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿಗಳನ್ನೂ ಬಿಟ್ಟರು. ಗೇಜ್ ಎಂಬ ಮಾನಕ ಹೇಳುವುದೇನು? ಎರಡು ಹಳಿಗಳ ಒಳಮುಖಗಳ ನಡುವಣ ದೂರವನ್ನು. ಮೊದಲು ೧೦೦೦ ಮಿಲಿಮೀಟರು, ಈಗ ೧೬೭೬. ಅದು ಅಷ್ಟನ್ನೇ ಹೇಳುತ್ತದೆ. ಗಾಡಿಯ ಬ್ರೇಕು ನಿರ್ವಾತದ್ದೋ ಒತ್ತಿದ ಗಾಳಿಯದ್ದೋ, ಕೊಂಡಿ ಯಾವ ಬಗೆಯದು, ಅಚ್ಚಿನ ಮೇಲೆ ಎಷ್ಟು ಭಾರ ಸಲ್ಲಬಹುದು, ಸುರಂಗದಲ್ಲಿ ಎಷ್ಟು ಎತ್ತರ ಹಿಡಿಸುತ್ತದೆ, ಘಟ್ಟ ಹತ್ತಲು ಹಿಂದಿನಿಂದ ತಳ್ಳುವ ಎಂಜಿನುಗಳೆಷ್ಟು ಬೇಕು, ಇದಾವುದನ್ನೂ ಗೇಜ್ ಹೇಳುವುದಿಲ್ಲ. ನಮ್ಮ ದೇಶದ ಬ್ರಾಡ್ ಗೇಜ್ ಹಳಿಗಳ ಮೇಲೆ ದಶಕಗಳ ಕಾಲ ನಿರ್ವಾತ ಬ್ರೇಕಿನ ಗಾಡಿಗಳೂ ಗಾಳಿ ಬ್ರೇಕಿನ ಗಾಡಿಗಳೂ ಜೊತೆಜೊತೆಯಾಗಿ ಓಡಿದುವು. ಎರಡಕ್ಕೂ ಗೇಜು ಒಂದೇ. ಆದರೆ ಒಂದರ ಬ್ರೇಕಿನ ಕೊಳವೆಯನ್ನು ಇನ್ನೊಂದಕ್ಕೆ ಜೋಡಿಸಿ ಘಟ್ಟ ಇಳಿಸುವ ಸಾಹಸವನ್ನು ಯಾವ ರೈಲ್ವೆ ಅಧಿಕಾರಿಯೂ ಮಾಡಲಾರನು. ಗೇಜು ಸರಿಯಾಗಿದೆಯೆಂಬ ಮಾತ್ರಕ್ಕೆ ಗಾಡಿ ಸುರಕ್ಷಿತವಾಗಿ ಇಳಿಯುವುದೆಂದು ಭಾವಿಸುವವನನ್ನು ನಾವು ಮೂಢನೆನ್ನುತ್ತೇವೆ. ಜೋಡಕ ಕೂತಿತೆಂಬ ಮಾತ್ರಕ್ಕೆ ಅಂಕಿ ಸರಿಯಾಗಿ ಬರುವುದೆಂದು ಭಾವಿಸುವುದನ್ನು ಮಾತ್ರ ಸಹಜವೆಂದುಕೊಳ್ಳುತ್ತೇವೆ.

೫

ಎರಡನೆಯ ಪ್ರತಿಜ್ಞೆ ಇದಕ್ಕಿಂತ ಗಹನವಾದದ್ದು. ಮುದುಕನ ಹಾಲು ಹೋದದ್ದು ಇಲ್ಲಿಯೇ. ಒಂದು ಮತ್ತು ಸೊನ್ನೆಗಳು ತಂತಿಯಲ್ಲಿ ಹೇಗೆ ಕಾಣಬೇಕೆಂಬುದನ್ನು ಮಾನಕ ಹೇಳುತ್ತದೆ. ಎಷ್ಟು ಬಿಟ್ಟುಗಳು ಸೇರಿ ಒಂದು ಅಕ್ಷರವಾಗುತ್ತದೆ, ಆ ಅಕ್ಷರ ಯಾವುದು, ಅದು ಎಷ್ಟು ವೇಗದಲ್ಲಿ ಬರುತ್ತದೆ, ಅದರಲ್ಲಿ ತಪ್ಪಿದ್ದರೆ ತಿಳಿಯುವುದು ಹೇಗೆ, ಇವನ್ನು ಅದು ಹೇಳುವುದಿಲ್ಲ. ವೇಗದ ವಿಷಯದಲ್ಲಿ ಸೆಕೆಂಡಿಗೆ ೨೦,೦೦೦ ಬಿಟ್ಟುಗಳವರೆಗೆ ಎಂಬ ಮೇಲಿನ ಎಲ್ಲೆಯೊಂದನ್ನು ಹಾಕಿ ಸುಮ್ಮನಾಗುತ್ತದೆ. ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ‘೯೬೦೦, ಎಂಟು, ಇಲ್ಲ, ಒಂದು’ ಎಂಬ ಸೂತ್ರವು ರೂಢಿಯೇ ಹೊರತು ಆರ್‌ಎಸ್-೨೩೨ರ ವಿಧಿಯಲ್ಲ.

ಹಳ್ಳಿಯ ಗಣಕವು ಒಂದು ಅಕ್ಷರಕ್ಕೆ ಎಂಟು ಬಿಟ್ಟುಗಳು, ಸಮತೆಯ ಬಿಟ್ಟು ಇಲ್ಲ ಎಂಬ ಕ್ರಮದಲ್ಲಿ ಓದುತ್ತಿತ್ತು. ಹೊಸ ತಕ್ಕಡಿಯಾದರೋ ಏಳು ಬಿಟ್ಟುಗಳನ್ನೂ ಎಂಟನೆಯದಾಗಿ ಒಂದು ಸಮತೆಯ ಬಿಟ್ಟನ್ನೂ ಕಳುಹಿಸುತ್ತಿತ್ತು. ಒಟ್ಟು ಒಂದುಗಳ ಸಂಖ್ಯೆ ಸಮವಾಗುವಂತೆ ಮಾಡುವುದು ಆ ಬಿಟ್ಟಿನ ಕೆಲಸ. ಎರಡು ಕ್ರಮಗಳಲ್ಲಿಯೂ ಆರಂಭದ ಮತ್ತು ಅಂತ್ಯದ ಬಿಟ್ಟುಗಳು ಸೇರಿ ಒಟ್ಟು ಹತ್ತೇ ಆಗುವುದರಿಂದ, ಕಾಲದ ಲೆಕ್ಕ ಎಲ್ಲಿಯೂ ತಪ್ಪಲಿಲ್ಲ. ಯಾವ ಯಂತ್ರವೂ ದೂರು ಹೇಳಲಿಲ್ಲ. ಮುಂದಿನದನ್ನು ವಿದ್ಯಾರ್ಥಿಗಳು ಕೈಯಿಂದಲೇ ಲೆಕ್ಕ ಮಾಡಿ ನೋಡಬಹುದು. ಆಸ್ಕಿ ಸಂಕೇತದಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳಿಗೆ ೪೮ರಿಂದ ೫೭ರವರೆಗೆ ಸಂಖ್ಯೆಗಳು. ಅವನ್ನು ದ್ವಿಮಾನದಲ್ಲಿ ಬರೆದು ಒಂದುಗಳನ್ನು ಎಣಿಸಿದರೆ, ೦, ೩, ೫, ೬, ೯ ಎಂಬ ಅಂಕಿಗಳಲ್ಲಿ ಒಂದುಗಳು ಸಮಸಂಖ್ಯೆಯಲ್ಲಿವೆ. ಅವುಗಳ ಸಮತೆಯ ಬಿಟ್ಟು ಸೊನ್ನೆ. ಆದ್ದರಿಂದ ಅವು ಸ್ವಲ್ಪವೂ ಕೆಡದೆ ತಲಪುತ್ತವೆ. ದಶಾಂಶಬಿಂದುವೂ ಹಾಗೆಯೇ. ಆದರೆ ೧, ೨, ೪, ೭, ೮ರಲ್ಲಿ ಒಂದುಗಳು ಬೆಸಸಂಖ್ಯೆಯಲ್ಲಿವೆ. ಅವಕ್ಕೆ ಸಮತೆಯ ಬಿಟ್ಟು ಒಂದಾಗಿ ಸೇರಿ, ಗಣಕದ ಕಣ್ಣಿಗೆ ಪ್ರತಿಯೊಂದೂ ೧೨೮ರಷ್ಟು ಹೆಚ್ಚಾಗಿ ಕಾಣುತ್ತದೆ. ಗಣಕದ ಕಾರ್ಯಕ್ರಮವು ಅಂಕಿಯಲ್ಲದ ಚಿಹ್ನೆಯನ್ನು ಕಸವೆಂದು ಬಿಸಾಡುವಂತೆ ರಚಿತವಾಗಿತ್ತು. ಆದಕಾರಣ ೪.೩೫ ಎಂಬುದು ನಾಲ್ಕನ್ನು ಕಳೆದುಕೊಂಡು ೦.೩೫ ಆಯಿತು, ೩.೭೦ ಎಂಬುದು ಏಳನ್ನು ಕಳೆದುಕೊಂಡು ೩.೦ ಆಯಿತು, ೬.೫೦ ಮಾತ್ರ ಅಕ್ಷತವಾಗಿ ಬಂದಿತು. ಹತ್ತು ಅಂಕಿಗಳಲ್ಲಿ ಐದಕ್ಕೆ ಬಾಧೆಯಿಲ್ಲದಿದ್ದುದರಿಂದಲೇ ದೋಷವು ಅಷ್ಟು ದಿನ ಅಡಗಿ ಕುಳಿತದ್ದು. ಎಲ್ಲವೂ ಕೆಟ್ಟಿದ್ದರೆ ಮೊದಲ ಸಂಜೆಯೇ ತಿಳಿಯುತ್ತಿತ್ತು.

ಕನ್ನಡದ ಓದುಗರಿಗೆ ಆಸಕ್ತಿಕರವಾದ ಇನ್ನೊಂದು ಅಂಶ ಇಲ್ಲಿದೆ. ಆ ಗಣಕವು ಬಿಸಾಡುವ ಬದಲು, ೧೯೯೧ರ ಐಎಸ್ ೧೩೧೯೪ ಎಂಬ ಭಾರತೀಯ ಮಾನಕದಂತೆ, ಎಂದರೆ ಇಸ್ಕಿ ಸಂಕೇತದಂತೆ, ಎಂಟು ಬಿಟ್ಟುಗಳನ್ನು ಕನ್ನಡವಾಗಿ ಓದಿದ್ದರೆ ಏನಾಗುತ್ತಿತ್ತು? ನಾಲ್ಕರ ೫೨ಕ್ಕೆ ೧೨೮ ಸೇರಿದರೆ ೧೮೦. ಇಸ್ಕಿಯಲ್ಲಿ ಅದು ‘ಖ’. ಏಳು ‘ಙ’ ಆಗುತ್ತಿತ್ತು, ಎಂಟು ‘ಚ’ ಆಗುತ್ತಿತ್ತು, ಒಂದು ‘ಔ’ ಆಗುತ್ತಿತ್ತು. ತಂತಿಯಲ್ಲಿ ಹರಿದ ವೋಲ್ಟುಗಳಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ. ನಾಲ್ಕೆಂಬುದೂ ‘ಖ’ಕಾರವೆಂಬುದೂ ತಂತಿಯಲ್ಲಿಲ್ಲ; ಎರಡು ತುದಿಗಳಲ್ಲಿ ಓದುವವರ ನಡುವೆ ಇರಬೇಕಾದ ಒಪ್ಪಂದದಲ್ಲಿದೆ. ಆ ಒಪ್ಪಂದಕ್ಕೆ ಆರ್‌ಎಸ್-೨೩೨ ಸಾಕ್ಷಿಯಲ್ಲ.

೬

ಇಷ್ಟಾದ ಮೇಲೆ ಮೂರನೆಯ ಪ್ರತಿಜ್ಞೆ ತಾನಾಗಿಯೇ ಬೀಳುತ್ತದೆ. ಆದರೆ ಸಂಕೇತಗಳನ್ನೆಲ್ಲ ಸರಿಪಡಿಸಿಕೊಂಡರೂ ಉಳಿಯುವ ಒಂದೆರಡು ತೊಡಕುಗಳನ್ನು ಸೂಚಿಸಬೇಕಾಗಿದೆ. ಸಕಲೇಶಪುರದ ಕಾಫಿ ತೋಟಗಳಲ್ಲಿ ತೂಕದ ಕೊಟ್ಟಿಗೆ ಒಂದು ಕಡೆ, ಲೆಕ್ಕದ ಕೋಣೆ ಇನ್ನೊಂದು ಕಡೆ ಇರುವುದು ಸಾಮಾನ್ಯ. ಸಿ ಪರಿಷ್ಕರಣವು ಕೇಬಲ್ಲಿಗೆ ೫೦ ಅಡಿಗಳ ಮಿತಿಯನ್ನು ಸೂಚಿಸಿತ್ತು. ಮುಂದಿನ ಪರಿಷ್ಕರಣಗಳು ಅಡಿಗಳ ಲೆಕ್ಕವನ್ನು ಬಿಟ್ಟು ೨೫೦೦ ಪಿಕೋಫ್ಯಾರಡುಗಳ ಧಾರಣೆಯ ಲೆಕ್ಕವನ್ನು ಹಿಡಿದುವು. ಎಲ್ಲ ಸಂಜ್ಞೆಗಳಿಗೂ ಸಮಾನವಾದ ಒಂದೇ ಭೂತಂತಿ ಇರುವ ಈ ವ್ಯವಸ್ಥೆಯಲ್ಲಿ, ಎರಡು ಕಟ್ಟಡಗಳ ಭೂಮಿಗಳ ನಡುವೆ ವೋಲ್ಟೇಜಿನ ವ್ಯತ್ಯಾಸ ಬಂದರೆ ಅದು ಸಂಜ್ಞೆಯೊಳಕ್ಕೇ ಸೇರಿಕೊಳ್ಳುತ್ತದೆ. ಗುಡುಗುಮಿಂಚಿನ ಮಲೆನಾಡಿನಲ್ಲಿ ಇದು ಸಣ್ಣ ವಿಷಯವಲ್ಲ. ಹಾಗಿದ್ದರೂ ಎರಡು ಯಂತ್ರಗಳನ್ನು ವಿದ್ಯುತ್ತಿನ ದೃಷ್ಟಿಯಿಂದ ಪ್ರತ್ಯೇಕಿಸುವ ಏರ್ಪಾಡನ್ನು ಮಾನಕ ವಿಧಿಸಿಲ್ಲ. ದೂರಕ್ಕೆ ೧೯೮೩ರ ಆರ್‌ಎಸ್-೪೮೫ ಉತ್ತಮವೆಂಬುದು ನಿಜ. ಎರಡು ತಂತಿಗಳ ನಡುವಣ ಅಂತರವನ್ನು ಓದುವುದರಿಂದ ಅದು ಹೆಚ್ಚು ದೃಢವಾದದ್ದು. ಆದರೆ ಅದು ಇನ್ನೂ ಮಿತಭಾಷಿ: ವಿದ್ಯುದ್ಗುಣಗಳನ್ನು ಬಿಟ್ಟರೆ ಜೋಡಕವನ್ನೂ ಹೇಳುವುದಿಲ್ಲ, ಸಂದೇಶದ ಕ್ರಮವನ್ನೂ ಹೇಳುವುದಿಲ್ಲ. ‘ಎ’ ಮತ್ತು ‘ಬಿ’ ಎಂಬ ತಂತಿಗಳ ಹೆಸರುಗಳನ್ನು ತಯಾರಕರು ಪರಸ್ಪರ ವಿರುದ್ಧವಾಗಿ ಬಳಸುವುದೂ ಉಂಟು.

ಹಳೆಯ ಮಾನಕದ ಈ ಲೋಪಗಳು ಹೊಸ ಕಾಲದಲ್ಲಿ ನಿವಾರಣೆಯಾದುವೆಂದು ಯಾರಾದರೂ ಆಕ್ಷೇಪಿಸಬಹುದು. ೧೯೯೬ರ ಯುಎಸ್‌ಬಿ ಮಾನಕವು ಜೋಡಕ, ವಿದ್ಯುತ್ತು, ಸಂದೇಶದ ಕ್ರಮ, ಯಂತ್ರವು ತನ್ನ ಗುರುತು ಹೇಳಿಕೊಳ್ಳುವ ರೀತಿ ಇವೆಲ್ಲವನ್ನೂ ಒಂದೇ ಗ್ರಂಥದಲ್ಲಿ ಅಡಕಮಾಡಿತೆಂಬುದು ಸತ್ಯ. ಆದರೆ ೨೦೧೪ರಲ್ಲಿ ಬಂದ ಟೈಪ್-ಸಿ ಜೋಡಕವನ್ನು ನೋಡಿದರೆ ಹಳೆಯ ಭ್ರಮೆ ಹೊಸ ವೇಷದಲ್ಲಿ ಮರಳಿರುವುದು ತಿಳಿಯುತ್ತದೆ. ನಮ್ಮ ದೇಶದ ಮಾನಕಸಂಸ್ಥೆ ಐಎಸ್/ಐಇಸಿ ೬೨೬೮೦-೧-೩: ೨೦೨೨ ಎಂದು ಅದನ್ನು ಅಂಗೀಕರಿಸಿದಾಗ, ಅದರ ಶೀರ್ಷಿಕೆಯಲ್ಲಿಯೇ ಇದು ಕೇಬಲ್ ಮತ್ತು ಜೋಡಕದ ನಿರ್ದೇಶನವೆಂದು ಹೇಳಿದೆ. ಒಂದೇ ಆಕಾರದ ಎರಡು ಕೇಬಲ್ಲುಗಳಲ್ಲಿ ಒಂದು ಸೆಕೆಂಡಿಗೆ ೪೮೦ ಮೆಗಾಬಿಟ್ಟುಗಳನ್ನೂ ಇನ್ನೊಂದು ೪೦ ಗಿಗಾಬಿಟ್ಟುಗಳನ್ನೂ ಸಾಗಿಸಬಹುದು; ಬರಿಯ ಆಕಾರದಿಂದ ಅದನ್ನು ತಿಳಿಯಲಾಗದು. ಶೀರ್ಷಿಕೆಯನ್ನು ಓದದೆ ಆಕಾರವನ್ನು ಮಾತ್ರ ನೋಡುವವರು ಅಂದೂ ಇದ್ದರು, ಇಂದೂ ಇದ್ದಾರೆ.

೭

ಹಾಗಾದರೆ ಆರ್‌ಎಸ್-೨೩೨ ದೋಷಯುಕ್ತವಾದ ಗ್ರಂಥವೆ? ನ್ಯಾಯವಾಗಿ ವಿಚಾರಿಸಿದರೆ ಹಾಗೆ ಹೇಳಲಾಗದು. ಇಲ್ಲಿ ಕೇಶಿರಾಜನ ನೆನಪಾಗುತ್ತದೆ. ಹದಿಮೂರನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ ಸಂಧಿಗೇ ಒಂದು ಪ್ರಕರಣ ಮೀಸಲಾಗಿದೆ. ಎರಡು ಪದಗಳು ಕೂಡುವ ಸ್ಥಾನದಲ್ಲಿ ಯಾವ ವರ್ಣ ಲೋಪವಾಗುತ್ತದೆ, ಯಾವುದು ಆಗಮವಾಗುತ್ತದೆ, ಯಾವುದಕ್ಕೆ ಯಾವುದು ಆದೇಶವಾಗುತ್ತದೆ ಎಂಬುದು ಸಂಧಿಶಾಸ್ತ್ರದ ವಿಷಯ. ಮಳೆ ಎಂಬುದೂ ಕಾಲ ಎಂಬುದೂ ಕೂಡಿದರೆ ಮಳೆಗಾಲವಾಗುತ್ತದೆಂದು ಅದು ಹೇಳುತ್ತದೆ. ಮಳೆಗಾಲ ಎಷ್ಟು ತಿಂಗಳೆಂದು ಹೇಳುವುದಿಲ್ಲ. ಆದಕಾರಣವೇ ಅದು ಸಕಲೇಶಪುರಕ್ಕೂ ಸಲ್ಲುತ್ತದೆ, ಬಯಲುಸೀಮೆಗೂ ಸಲ್ಲುತ್ತದೆ. ಹೀಗೆ ವ್ಯಾಪ್ತಿಯನ್ನು ಸಂಕೋಚಗೊಳಿಸಿಕೊಂಡ ಶಾಸ್ತ್ರಕ್ಕೆ ದೀರ್ಘಾಯುಷ್ಯ ದೊರೆಯುತ್ತದೆ.

ಆರ್‌ಎಸ್-೨೩೨ರ ಆಯುಷ್ಯಕ್ಕೂ ಕಾರಣ ಇದೇ ಎಂದು ತೋರುತ್ತದೆ. ಅದು ೧೯೬೦ರಲ್ಲಿಯೇ ಇಂಥದೇ ಅಕ್ಷರಸಂಕೇತವೆಂದು ವಿಧಿಸಿಬಿಟ್ಟಿದ್ದರೆ, ೧೯೬೩ರಲ್ಲಿ ಮೊದಲು ಪ್ರಕಟವಾದ ಆಸ್ಕಿಗೂ ಅದರಲ್ಲಿ ಎಡೆಯಿರುತ್ತಿರಲಿಲ್ಲ. ಅದು ಸುಮ್ಮನಿದ್ದುದರಿಂದಲೇ ಅದೇ ತಂತಿ ಆಸ್ಕಿಯನ್ನೂ, ಒಂದು ಕನ್ನಡ ವರ್ಣಕ್ಕೆ ಒಂದು ಬೈಟನ್ನು ಕೊಡುವ ಇಸ್ಕಿಯನ್ನೂ, ಮೂರು ಬೈಟುಗಳನ್ನು ಕೊಡುವ ಯುಟಿಎಫ್-೮ನ್ನೂ ನಿರ್ವಿಕಾರವಾಗಿ ಹೊತ್ತಿದೆ. ಮೌನವೇ ಅದರ ಉದಾರತೆ. ಆದರೆ ಆ ಮೌನವನ್ನು ಮೌನವೆಂದು ತಿಳಿಯದೆ ಆಶ್ವಾಸನೆಯೆಂದು ತಿಳಿದುದು ಓದುಗರ ತಪ್ಪು. ಗ್ರಂಥಕರ್ತರು ತಮ್ಮ ಎಲ್ಲೆಯನ್ನು ಸ್ಪಷ್ಟವಾಗಿಯೇ ಬರೆದಿದ್ದರು. ಎಲ್ಲೆಯನ್ನು ಅಳಿಸಿದವರು ವ್ಯಾಖ್ಯಾನಕಾರರು, ಎಂದರೆ ಪಾಠ ಹೇಳುವ ನಾವು ಮತ್ತು ಮಾರುವ ಅವರು.

ಈ ದೃಷ್ಟಿಯಿಂದ ಎರಡು ಸೂಚನೆಗಳನ್ನು ಮಾಡಲು ಬಯಸುತ್ತೇನೆ. ಬೋಧನೆಯಲ್ಲಿ, ‘ಆರ್‌ಎಸ್-೨೩೨ ಪೋರ್ಟು’ ಎಂಬ ಒಂದು ಮಾತಿನ ಬದಲು, ವಿದ್ಯುತ್ತು, ಮಂಡಲ, ಜೋಡಕ, ಅಕ್ಷರದ ಕಟ್ಟು, ಅಕ್ಷರಸಂಕೇತ, ಸಂದೇಶದ ಅರ್ಥ ಎಂಬ ಆರು ಪದರಗಳನ್ನು ಬಿಡಿಸಿ ತೋರಿಸಿ, ಮೊದಲ ಎರಡಕ್ಕೆ ಮಾತ್ರ ಎಲ್ಲ ಆವೃತ್ತಿಗಳಲ್ಲಿಯೂ ಮಾನಕದ ಪೂರ್ಣವಾದ ಆಧಾರವುಂಟು, ಮೂರನೆಯದಕ್ಕೆ ಆವೃತ್ತಿಯನ್ನು ನೋಡಬೇಕು, ಉಳಿದ ಮೂರಕ್ಕೆ ಬೇರೆ ಆಧಾರವನ್ನು ಹುಡುಕಬೇಕು ಎಂದು ಹೇಳತಕ್ಕದ್ದು. ಮೇಲೆ ಕೊಟ್ಟ ಸಮತೆಯ ಲೆಕ್ಕವನ್ನು ಪ್ರಯೋಗಶಾಲೆಯಲ್ಲಿ ಮಾಡಿಸಿದರೆ ಒಂದು ಗಂಟೆಯಲ್ಲಿ ವಿಷಯ ಮನದಟ್ಟಾಗುತ್ತದೆ. ಖರೀದಿಯಲ್ಲಿ, ಮಾನಕದ ಹೆಸರಿನ ಜೊತೆಗೆ ಜೋಡಕ ಯಾವುದು, ಯಾವ ಪಿನ್ನು ಕಳುಹಿಸುವುದು, ವೇಗವೆಷ್ಟು, ಬಿಟ್ಟುಗಳೆಷ್ಟು, ಸಮತೆ ಏನು, ಅಂಕಿ ಯಾವ ಘಟಕದಲ್ಲಿದೆ, ದಶಾಂಶಬಿಂದು ಎಲ್ಲಿದೆ, ತೂಕ ಇನ್ನೂ ಅಲುಗಾಡುತ್ತಿದೆಯೆಂಬುದಕ್ಕೆ ಗುರುತೇನು, ಸಂದೇಶ ಕೆಟ್ಟರೆ ತಿಳಿಯುವ ಬಗೆ ಏನು ಎಂಬುದನ್ನೆಲ್ಲ ಬರೆಸಿಕೊಳ್ಳತಕ್ಕದ್ದು. ಓದಲಾಗದ ಚಿಹ್ನೆ ಬಂದರೆ ಅದನ್ನು ಬಿಸಾಡಿ ಉಳಿದುದನ್ನು ನಂಬುವ ಕಾರ್ಯಕ್ರಮವನ್ನು ಒಪ್ಪಿಕೊಳ್ಳಲೇಬಾರದು. ಸಂದೇಹ ಬಂದಾಗ ಚೀಟಿ ಮುದ್ರಿಸದೆ ನಿಲ್ಲುವುದೇ ಯಂತ್ರಕ್ಕೆ ತಕ್ಕ ಪ್ರಾಮಾಣಿಕತೆ.

ಆ ಹಳ್ಳಿಯಲ್ಲಿ ಮಾಡಿದ ತಿದ್ದುಪಡಿ ಬಹು ಸಣ್ಣದು: ತಕ್ಕಡಿಯ ವ್ಯವಸ್ಥೆಯಲ್ಲಿ ಸಮತೆಯನ್ನು ತೆಗೆದು ಎಂಟು ಬಿಟ್ಟುಗಳನ್ನಿಟ್ಟರು. ಎರಡು ನಿಮಿಷದ ಕೆಲಸ. ಆದರೆ ಅದಕ್ಕೆ ಮುಂಚಿನ ಚೀಟಿಗಳಲ್ಲಿ ಯಾರಿಗೆ ಎಷ್ಟು ಕಡಿಮೆ ಬಂದಿತ್ತೆಂಬುದನ್ನು ತಿಳಿಯುವ ದಾರಿ ಉಳಿದಿರಲಿಲ್ಲ. ಬಿಸಾಡಿದ ಅಂಕಿಗಳನ್ನು ಗಣಕ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಕೊರತೆಯಾದ ಮೊತ್ತವನ್ನು ಸದಸ್ಯರು ಹಾಲಿನ ಪ್ರಮಾಣದಂತೆ ಹಂಚಿಕೊಂಡರು. ೬.೫೦ ತರುತ್ತಿದ್ದವರಿಗೂ ಅದರಲ್ಲಿ ಪಾಲು ಸಂದಿತು, ೩.೭೦ ತಂದ ಮುದುಕನಿಗೂ ಸಂದಿತು. ಅದು ಸಹಕಾರದ ಧರ್ಮಕ್ಕೆ ಒಪ್ಪುವಂಥದಾಗಿರಬಹುದು. ಲೆಕ್ಕದ ನ್ಯಾಯಕ್ಕೆ ಒಪ್ಪುವಂಥದಲ್ಲ. ಆ ನ್ಯಾಯವನ್ನು ಕೊಡಿಸಬಹುದಾಗಿದ್ದ ಸಾಲು ಖರೀದಿಯ ಪತ್ರದಲ್ಲಿ ಇರಬೇಕಾಗಿತ್ತು, ಇರಲಿಲ್ಲ.